ಅಯ್ಯಾರ ಬಲಗಾಲು ಕೂಡೂತನಕ

ನಗೂವಂಥ ಪ್ರಸಂಗ ಹುಡುಕ್ಯೊಂಡು ನಾನು ಎಲ್ಲೂ ಹೋಗಾಂವಲ್ಲ. ಅವ ನನ್ನ ಹುಡುಕ್ಯೊಂಡು ಬರತಾವ. ಹೋದ ವರ್ಷ ಮೂರು ತಿಂಗಳು ಹಾಸಿಗ್ಯಾಗ ಕಾಲು ಮ್ಯಾಲೆ ಮಾಡಿ ಬಿದ್ದಿದ್ದೆ, ಆವಾಗರ ಬಿಟ್ಟಾವೇನು? ಬಾಗಲಾ ಬಡದು ಒಳಗ ಬಂದು, ಚಾ ಕುಡದು, ಕುಂತು ಹೋದವು.

ನಾನು ಕೆಲಗೇರ್ಯಾಗ ಇರೂ ಜಂಗಮ. ಮಂದಿ 'ಅಯ್ಯಾರ' ಅಂತ ಕರೀತಾರ. ಲಗ್ನಾ, ತೊಟ್ಟಲಾ, ಹೊಸ ಮನಿ, ಕಡೀಕ ಮಣ್ಣು ಮಾಡೂದು, ಏನ ಇರಲಿ ನನಗ ಹೇಳಿ ಕಳಸ್ತಾರ. ಎಲ್ಲಾರೂ ಕೈಯಿಂದ ದುಡದು ತಿಂತಾರ, ನಾನು ಕಾಲಿಂದ ತಿಂತೇನಿ. ಅಂಥಾ ಕಾಲ ಕೈ ಕೊಟ್ಟಿದ್ದರ ಕತಿ ಇದು.

೧. ತುಂಬಿದ ಪಾದ

ಪಾದಪೂಜಿ ಅಂದ್ರ ಹಿಂಗ. ಮನಿಯವ್ರು ಹಿತ್ತಾಳಿ ಪರಾತದಾಗ ನನ್ನ ಪಾದ ಇಡಿಸಿ, ನೀರು ಹಾಕಿ ತೊಳದು, ಇಬತ್ತಿ ಹಚ್ಚಿ, ಹೂವು ಪತ್ರಿ ಏರಸ್ತಾರ. ಆಮ್ಯಾಲೆ ನಾನು ಎದ್ದು ಪ್ರಸಾದಕ್ಕ ಒಳಗ ನಡದ್ರ ಶಹಾಬಾದಿ ಫರಸಿ ಮ್ಯಾಲೆ ಹಸಿ ಹೆಜ್ಜಿ ಮೂಡತಾವ. ಮುಂಜಾನಿ ಬಿಸಲಾಗ ಆ ಹೆಜ್ಜಿ ಒಂದೊಂದ ಆರಿ ಮಾಯ ಆಗೂದು ನೋಡಕೋತ ಕುಂತ್ರ ನನಗ ಹೊತ್ತು ಹೋಗಿದ್ದು ತಿಳಿಯಂಗಿಲ್ಲ. ಪ್ರಸಾದದ ತಾಟಿನ ಮುಂದ ಕುಂತು ಎಷ್ಟೋ ಸಲ ಹಂಗ ಮೈಮರತೇನಿ.

ಉಳಿದ ಅಯ್ಯಗಳ ಹೆಜ್ಜಿ ನೋಡ್ರಿ, ಮುಂದ ಐದು ಬಟ್ಟು, ಹಿಂದ ಹಿಮ್ಮಡ, ನಡುವ ಖಾಲಿ. ನಂದು ಹಂಗಲ್ಲ. ಐವತ್ತು ದಾಟಿದ ಮ್ಯಾಲೆ ನನ್ನ ಬಲ ಹೆಜ್ಜಿ ವರ್ಷಾ ವರ್ಷಾ ತುಂಬಕೋತ ಬಂತು. ಕಡೀಕ ಜ್ವಾಳದ ರೊಟ್ಟಿ ಬಡದಂಗ ಪೂರಾ ಸಪಾಟ. ಹೆಣಮಕ್ಕಳು ಬಗ್ಗಿ ಬಗ್ಗಿ ನೋಡಿ "ಏನ್ ತುಂಬಿದ ಪಾದ ಅವ್ವಾ! ಇಂಥಾ ಪಾದ ಬಂದ್ರ ಮನೀನೂ ತುಂಬತೈತಿ" ಅಂತಿದ್ರು. ಒಬ್ಬಾಕಿ ಅಂತೂ ಫೋಟೋ ತಗದು ತವರಮನಿಗೆ ವಾಟ್ಸಪ್ ಮಾಡಿದ್ಲು. ನಾನೇನ ಕಡಿಮಿ ಅದೇನಿ? ಸುಮ್ಮ ಸುಮ್ಮನ ಎರಡು ಹೆಜ್ಜಿ ಜಾಸ್ತಿ ಹಾಕತಿದ್ದೆ.

ಒಳಗಿನ ಖರೇ ಸಂಗತಿ ಬ್ಯಾರೆ ಇತ್ತು. ಆ ಕಾಲು ನನ್ನ ಜೀವಾ ತಿಂತಿತ್ತು. ಒಳಮಗ್ಗಲು ಬಾವು, ನಾಲ್ಕು ಮನಿ ತಿರಗೂದ್ರಾಗ ಕಣ್ಣಾಗ ನೀರು. ನಮ್ಮ ಮನಿಯಾಕಿ ಕಾಟ ತಡೀಲಾರದ ಹುಬ್ಬಳ್ಳಿಗೆ ಒಬ್ಬ ಎಲುಬಿನ ಡಾಕ್ಟರ ಕಡೆ ಹೋದೆ.

ಡಾಕ್ಟರು ಭಕ್ತಿವಂತರು. ಕುರ್ಚಿ ಬಿಟ್ಟೆದ್ದು, ಬೂಟು ಕಳದು, "ಶರಣ್ರಿ ಅಯ್ಯಾರ" ಅಂತ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ಮರುಗಳಿಗಿಗೆ ಅದ ಪಾದಾನ ಅದ ಕೈಲೆ ಹಿಡದು ಗರ್ರನ ತಿರುವಿದ್ರು. ಆವಾಗ ನನ್ನ ಬಾಯಾಗಿಂದ ಬಂದ ಮಾತು ಯಾವ ಮಂತ್ರದಾಗೂ ಇಲ್ಲ.

ಆಮ್ಯಾಲೆ ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಿಸಿ, ಹಿಂದ ಕುಂತು, ಹಿಂದಿಂದ ಎಷ್ಟು ಬಟ್ಟು ಕಾಣತಾವಂತ ಎಣಿಸಿದ್ರು. ಒಂಟಿಗಾಲ ಮ್ಯಾಲೆ ತುದಿಬಟ್ಟಿಲೆ ಏಳ್ರಿ ಅಂದ್ರು. ಏಳಾಕ ಆಗಲಿಲ್ಲ.

"ಪಾದದ ಕಮಾನು ಕುಸದೈತ್ರಿ ಅಯ್ಯಾರ."

"ಮಂದಿ ತುಂಬಿದ ಪಾದ ಅಂತಾರಲ್ರಿ?"

"ತುಂಬಿಲ್ರಿ, ಬಿದ್ದೈತಿ."

ಎಷ್ಟು ವರ್ಷದ ಭಾಗ್ಯ ಒಂದ ಮಾತಿಗೆ ಹೋತು ನೋಡ್ರಿ. ಪಟ್ಟಿ, ಬೂಟಿನಾಗ ಹಾಕೂ ಮೆತ್ತಿ, ಗುಳಗಿ, ಎಲ್ಲಾ ಆರು ತಿಂಗಳು ಮಾಡಿದ್ವಿ. ಆಗಲಿಲ್ಲ. ಕಡೀಕ ಡಾಕ್ಟರು ತಿಳಿಸಿ ಹೇಳಿದ್ರು: "ಹಿಮ್ಮಡದ ಸುತ್ತ ಮೂರು ಕೀಲು ಸವದಾವ. ಅವನ್ನ ಸ್ವಚ್ಛ ಮಾಡಿ, ಕಮಾನು ಎತ್ತಿ ನಿಂದ್ರಿಸಿ, ಸ್ಕ್ರೂ ಹಾಕಿ ಎಲುಬಿಗೆ ಎಲುಬು ಕೂಡಸ್ತೀವಿ. ಮೂರು ತಿಂಗಳದಾಗ ಎಲ್ಲಾ ಕೂಡಿ ಒಂದ ಆಗತೈತಿ. ನೋವು ಹೋಗತೈತಿ. ಪಾದ ಮ್ಯಾಲೆ ಕೆಳಗ ಆಡತೈತಿ, ಆಜೂಬಾಜೂ ಮಾತ್ರ ಹೊಳ್ಳಂಗಿಲ್ಲ. ಅಲ್ಲೀತನಾ ಪ್ಲಾಸ್ಟರು, ಮೊದಲಿನ ಎರಡು ತಿಂಗಳಂತೂ ಕಾಲು ನೆಲಕ್ಕ ಊರಂಗಿಲ್ಲ. ಎಡಗಾಲೂ ಅದ ದಾರಿ ಹಿಡದೈತಿ, ಅದನ್ನ ಮುಂದ ನೋಡೂಣು."

ನಾನು ಮಾರಿ ಸಣ್ಣ ಮಾಡಿ ಕುಂತಿದ್ದೆ. ಮನಿಯಾಕಿ ಮಾತ್ರ ನಕ್ಕೋತ ಅಂದ್ಲು, "ಊರ ಮಂದಿಗೆಲ್ಲಾ ಗಂಟು ಹಾಕಿಸಿದ್ರಿ. ನಿಮ್ಮ ಎಲುಬು ನಮ್ಮದೂ ಒಂದು ಲಗ್ನಾ ಮಾಡ್ರಿ ಅನ್ನಾಕತ್ತಾವ, ತಪ್ಪೇನೈತ್ರಿ?"

೨. ಅಜ್ಜಾರು ತಡದದ್ದು

ನಮ್ಮ ಓಣ್ಯಾಗ ತೊಂಬತ್ತು ದಾಟಿದ ಅಜ್ಜಾರೊಬ್ಬರು ಅದಾರ. ಒಂದು ಕಾಲಕ್ಕ ದೊಡ್ಡ ಹತ್ತಿ ವ್ಯಾಪಾರಸ್ಥರು. ಮಗ ಇಲ್ಲೇ ಬಾಜೂಕಿನ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಕಾರಖಾನಿಗೆ ಹೋಗತಾನ, ಮನಿ ಎಲ್ಲಾ ಸೊಸಿ ಕೈಯಾಗ. ಅಜ್ಜಿ ತೀರಿಕೊಂಡು ಎರಡು ವರ್ಷ ಆಗಿತ್ತು. ಆವತ್ತಿಂದ ಅಜ್ಜಾರು ಅರ್ಧಾ ರೊಟ್ಟಿ ಉಣ್ಣೂದು, ಗ್ವಾಡಿ ಕಡೆ ಮಾರಿ ಮಾಡಿ ಮಲಗೂದು. ಏನ್ರಿ ಅಜ್ಜಾರ ಅಂದ್ರ "ಸಾಕಾತ್ರಿ, ನಾ ಹೊಂಟೀನಿ" ಅನ್ನೂದು. ದಿನದಿಂದ ದಿನಕ್ಕ ಖರೇನ ಹೊಂಟಂಗ ಕಾಣತಿದ್ರು. ಸೊಸಿ ನನ್ನ ಮುಂದ ಎಷ್ಟೋ ಸಲ ಅತ್ತಾಳ.

ನಮ್ಮಲ್ಲೆ ಒಂದು ಪದ್ಧತಿ ಐತಿ. ಜೀವ ಹೋದ ಮ್ಯಾಲೆ, ಮಣ್ಣು ಮಾಡೂಕಿಂತ ಮೊದಲ, ಅಯ್ಯಾ ಬಂದು ತನ್ನ ಬಲಪಾದ ಆ ತೆಲಿ ಮ್ಯಾಲೆ ಇಡಬೇಕು. ಇಟ್ರ ಮುಂದಿನ ದಾರಿ ಸಲೀಸು ಅಂತ ನಂಬಿಗಿ. ಅಜ್ಜಿ ತೆಲಿ ಮ್ಯಾಲೆ ನನ್ನ ಪಾದನ ಇಟ್ಟಿದ್ದೆ.

ಆಪರೇಷನ್ ಗೊತ್ತಾದ ದಿನ ಹೇಳಿ ಬರಾಕ ಹೋದೆ. "ಅಜ್ಜಾರ, ಮೂರು ತಿಂಗಳು ನಂಗ ಬರಾಕ ಆಗಂಗಿಲ್ರಿ, ಕಾಲು ಪ್ಲಾಸ್ಟರಾಗ ಇರತೈತಿ" ಅಂದೆ.

ಗ್ವಾಡಿ ಕಡೆ ಇದ್ದ ಮಾರಿ ಸಾವಕಾಶ ಇತ್ತಾಗ ಹೊಳ್ಳಿತು. "ಮೂರು ತಿಂಗಳಾ?"

"ಹೌದ್ರಿ. ನಡುವ ಏನರ ಹೆಚ್ಚು ಕಡಿಮಿ ಆದ್ರ ನಮ್ಮ ಚಿಗವ್ವನ ಮಗನ್ನ ಕಳಸ್ತೇನಿ. ಅಂವನೂ ಅಯ್ಯಾನ."

"ಬ್ಯಾಡ್ರಿ. ನಮ್ಮಾಕಿ ತೆಲಿ ಮ್ಯಾಲೆ ಯಾವ ಪಾದ ಇಟ್ರಿ, ಅದ ಪಾದ ನನಗೂ ಬೇಕು. ಬ್ಯಾರೆ ಪಾದ ಇಟ್ಟು, ದಾರೀನೂ ಬ್ಯಾರೆ ಆದ್ರ? ಆಕಿ ಒಂದು ಕಡೆ, ನಾ ಒಂದು ಕಡೆ. ಎಲ್ಲೆ ಹುಡಕಲಿ?"

ನಾನು ಹೂಂ ಅಂದು ಅವರ ಕೈ ಹಿಡಕೊಂಡೆ. ಮಗ ಮಾತ್ರ ಕಾರಖಾನಿ ಮನಶ್ಯಾ, ಅಂವಂಗ ಎಲ್ಲಾದಕ್ಕೂ ಒಂದು ಉಪಾಯ ಹೊಳೀತೈತಿ. "ಅಪ್ಪಾ, ಅಯ್ಯಾರ ಪ್ಲಾಸ್ಟರ್ ಕಾಲ ಎತ್ತಿ ಇಟ್ರೂ ನಡೀತೈತಲ್ಲ, ಒಳಗ ಅದ ಪಾದ ಇರತೈತಿ" ಅಂದ.

"ಸುಣ್ಣದ ಕಾಲು ಇಡಿಸಿ ಕಳಸ್ತಿಯೇನಲೇ ನನ್ನ?" ಅಂತ ಅಜ್ಜಾರು ಎದ್ದ ಕುಂತ್ರು. ತಿಂಗಳಾನುಗಟ್ಟಲೆ ತಾವಾಗೇ ಎದ್ದು ಕುಂತವ್ರ ಅಲ್ಲ. ನನ್ನ ಕಡೆ ಹೊಳ್ಳಿ, "ನೀವು ಆರಾಮ ಮಾಡಿಸಿಕೊಂಡು ಬರ್ರಿ ಅಯ್ಯಾರ. ನಾ ಮೂರು ತಿಂಗಳು ತಡೀತೇನಿ" ಅಂದ್ರು.

ಆಮ್ಯಾಲೆ ಸೊಸಿಗೆ ಅಂದ್ರು, "ತಡೀಬೇಕಂದ್ರ ಹೊಟ್ಟಿಗಿ ಬೇಕಲ್ಲವಾ. ಇನ್ನೊಂದು ರೊಟ್ಟಿ ತಾ. ಶೇಂಗಾ ಚಟ್ನೀನೂ ತಾ."

೩. ಎಲುಬಿನ ಲಗ್ನಾ

ಆಪರೇಷನ್ ದಿನ ಸಿಸ್ಟರು ಬಂದು ಮೈಮ್ಯಾಲಿಂದೆಲ್ಲಾ ತಗೀರಿ ಅಂದ್ಲು. ಉಂಗುರಾ ತಗದೆ, ನಡದಾಗಿನ ಕರದೋಡಾ ತಗದೆ. ಕೊಳ್ಳಾಗಿನ ಲಿಂಗ ಮಾತ್ರ ತಗಿಯೂ ಹಂಗಿಲ್ಲ ಅಂದೆ. ಆಕಿ ಹಟಾ ಮಾಡಲಿಲ್ಲ, ಸ್ವಚ್ಛ ಪಟ್ಟಿ ಸುತ್ತಿ ತೋಳಿಗೆ ಕಟ್ಟಿದ್ಲು. ಬೆನ್ನಾಗ ಸೂಜಿ ಚುಚ್ಚಿದ್ರು. ಹತ್ತು ನಿಮಿಷದಾಗ ನಡದಿಂದ ಕೆಳಗ ನಾನು ಇಲ್ಲ! ಮ್ಯಾಲಿನ ಅರ್ಧಕ್ಕ ಮತ್ತೊಂದು ಔಷಧ ಕೊಟ್ರು. ಆಹಾ, ಏನ್ ಹೇಳಲಿ, ಹತ್ತಿ ಅಂಡಗಿ ಮ್ಯಾಲೆ ಮಲಗಿದಂಗ ಆತು.

ಕಣ್ಣ ಮುಂದ ಒಂದು ಹಂದರಾ ಕಂಡಿತು. ಬೆಳ್ಳನ್ನ ಬೆಳಕು, ಸನಾದಿ ಊದಾಕತ್ತಾರ. ಅದು ಡಾಕ್ಟರು ನನ್ನ ಎಲುಬಿಗೆ ತೂತು ಹಾಕೂ ಮಷಿನ್ ಸಪ್ಪಳ ಅಂತ ಆಮ್ಯಾಲೆ ತಿಳೀತು. ಹಂದರದಾಗ ಬಾಸಿಂಗ ಕಟ್ಟಿಕೊಂಡು ಮೂರು ಎಲುಬು ಸಾಲಾಗಿ ಕುಂತಾವ. ಎಷ್ಟು ಸಂಭಾವಿತ ಎಲುಬು ಅಂತೀರಿ, ತೆಲಿ ಬಗ್ಗಿಸಿ ಕುಂತಾವ. ಆದ್ರ ವರ ಯಾವುದು, ವಧು ಯಾವುದು, ಒಂದೂ ತಿಳೀವಲ್ದು. ಬೀಗರನ್ನ ಕೇಳೂಣಂದ್ರ ಬೀಗರೂ ಎಲುಬ. ಹೊರಗ ಕೆಲಗೇರಿ ಕೆರಿ ಮ್ಯಾಲಿಂದ ತಣ್ಣನ್ನ ಗಾಳಿ ಬರಾಕತ್ತಿತ್ತು, ಮುಹೂರ್ತ ಮೀರಾಕತ್ತಿತ್ತು.

ನಾ ಅಲ್ಲೆ ಏನೇನ್ ಒದರಿದೆ ಅನ್ನೂದನ್ನ ಮರುದಿನ ಸಿಸ್ಟರು ಹೇಳಿದ್ಲು. ನಡುವ ಒಮ್ಮೆ "ಅಕ್ಕಿಕಾಳು ಹಾಕ್ರಿ!" ಅಂತ ಜೋರಾಗಿ ಕೂಗಿದ್ನಂತ. ಆಕಿ "ಅಕ್ಕಿ ಇಲ್ರಿ ಅಯ್ಯಾರ, ಹತ್ತಿ ಐತಿ, ನಡೀತೈತೇನ್ರಿ?" ಅಂದ್ಲಂತ.

"ನಾ ಏನಂದೆವಾ?" ಅಂತ ಕೇಳಿದೆ.

"ಹತ್ತಿ ನಡೀತೈತಿ, ಆದ್ರ ಮೂರು ಮಂದಿಗೆ ಒಂದ ಲಗ್ನಾ ನಾ ಮಾಡಸಂಗಿಲ್ಲ, ಯಾರರ ಒಬ್ಬರು ಕೆಳಗಿಳೀರಿ ಅಂದ್ರಿ. ನಮ್ಮ ಡಾಕ್ಟರು ಸ್ಕ್ರೂ ಹಿಡದ ಕೈ ಬಿಟ್ಟು ನಗಾಕತ್ತಿದ್ರು."

೪. ಹನಿ ಹನಿ ಕೂಡಿದ್ರ

ಮನಿಗೆ ಬಂದೆ. ನಾಲ್ಕು ದಿಂಬಿನ ಮ್ಯಾಲೆ ಕಾಲು, ಕಿಡಕಿ ಕಡೆ ತೆಲಿ. ಬದುಕಿನಾಗ ಮೊದಲನೇ ಸಲ ನಾನು ಒಂದ ಕಡೆ ಇದ್ದೆ. ಓಣ್ಯಾಗಿನ ಮನಿಗಳಿಂದ ಪಟಪಟ ರೊಟ್ಟಿ ಬಡಿಯೂ ಸಪ್ಪಳ, ಮ್ಯಾಲೆ ಫ್ಯಾನು, ಮಧ್ಯಾಹ್ನ ಆತಂದ್ರ ಕಣ್ಣು ತಾನಾಗೇ ಮುಚ್ಚತಿತ್ತು. ಕನಸು ಸಾಲಾಗಿ ಬರತಿದ್ದವು.

ಶ್ರಾವಣದ ಒಂದು ಸೋಮವಾರ ಇಂಥದ ಕನಸು. ನನ್ನ ಬಲಪಾದ ನನ್ನ ಬಿಟ್ಟು ತಾನೊಂದ ಎದ್ದು ಹೊಂಟೈತಿ! ಹೊಸ್ತಲಾ ದಾಟಿ, ಓಣಿ ಹಿಡದು, ಮನಿ ಮನಿಗೆ ಹೋಗಿ ಪೂಜಿ ಮಾಡಿಸಿಕೊಳ್ಳಾಕತ್ತೈತಿ. ಅಯ್ಯಾರೆಲ್ಲಿ ಅಂತ ಒಬ್ಬರೂ ಕೇಳವಲ್ರು. ನನಗ ಭಾಳ ಕೆಟ್ಟನಸ್ತು. ಸಂಜಿ ಮುಂದ ಪಾದ ಹೊಳ್ಳಿ ಬಂತು, ಹಸೀ ಆಗಿ ನೀರು ಸೋರಾಕತ್ತಿತ್ತು. "ಒರಸಿಕೊಂಡು ಬರಬಾರದೇನಲೇ?" ಅಂತ ಬೈದು ಕಣ್ಣು ತಗದೆ.

ಖರೇನ ಹಸಿ ಇತ್ತು. ಹಾಸಿಗಿ ಸುತ್ತ ಓಣ್ಯಾಗಿನ ಹನ್ನೊಂದು ಹೆಣಮಕ್ಕಳು ಪರಾತ, ತಂಬಗಿ, ಪತ್ರಿ ಹಿಡಕೊಂಡು ಪಾಳೆ ಹಚ್ಚಿ ನಿಂತಿದ್ರು. ಶ್ರಾವಣ ಸೋಮವಾರ ಪಾದಪೂಜಿ ತಪ್ಪಿಸಬಾರದಂತ. ಮನಿಯಾಕಿ ಮೊದಲಿನಾಕಿಗೆ, ಮಲಗ್ಯಾರ, ಎಬ್ಬಿಸಬ್ಯಾಡ, ಪ್ಲಾಸ್ಟರಿಗೆ ಸೀರಿ ಅಂಗಡಿ ಕವರ್ ಸುತ್ತೇನಿ, ಒಂದ ಹನಿ ಹಾಕು ಅಂದಿದ್ಲು. ಆಕಿ ಒಂದ ಹನಿ ಹಾಕಿದ್ಲು. ಆಕಿನ್ನ ನೋಡಿ ಬಾಜೂದಾಕಿನೂ ಒಂದ ಹನಿ. ಹನಿ ಹನಿ ಕೂಡಿ ಹಳ್ಳ ಆತು. ಕವರಿಗೆ ತೂತು ಇತ್ತು.

ಮರುದಿನ ಮೆತ್ತಗಾದ ಪ್ಲಾಸ್ಟರು ತಗೊಂಡು ಹುಬ್ಬಳ್ಳಿಗೆ ಓಡಿದ್ವಿ. ಅಲ್ಲೆ ಪ್ಲಾಸ್ಟರ್ ಹಾಕೂ ಚಾಚಾ ಹಳೇ ಹುಬ್ಬಳ್ಳಿಯವ್ರು, ಬೆಳ್ಳನ್ನ ದಾಡಿ, ಕೈ ಹತ್ತಿಯಂಗ ಹಗೂರ. ಪ್ಲಾಸ್ಟರ್ ಬಿಚ್ಚಿದ್ರು. ಒಳಗಿನ ಹತ್ತಿ ತಗದ್ರು. ಚಿಮಟಿಲೆ ಹಿಡದು ಒಂದು ಎಲಿ ಮ್ಯಾಲೆತ್ತಿ ಬೆಳಕಿಗೆ ಹಿಡದ್ರು.

"ಅಯ್ಯಾರ, ಮಂದಿ ಕೆರಕೊಳ್ಳಾಕ ಒಳಗ ಕಡ್ಡಿ ಹಾಕತಾರ, ಪೆನ್ನು ಹಾಕತಾರ, ಒಬ್ಬಾಕಿ ಪ್ಲಾಸ್ಟರಾಗ ಬಾಚಣಿಕೀನೂ ಸಿಕ್ಕಿತ್ತು. ಬಿಲ್ವಪತ್ರಿ ಸಿಕ್ಕಿದ್ದು ಇದ ಮೊದಲು" ಅಂದ್ರು. ಆಮ್ಯಾಲೆ ಅದನ್ನ ಕಸದ ಬುಟ್ಟಿಗೆ ಒಗೀಲಿಲ್ಲ, ಕಾಗದದಾಗ ಸುತ್ತಿ ಮನಿಯಾಕಿ ಕೈಯಾಗ ಕೊಟ್ರು. "ದೇವರದೈತಿ, ತಗೋರಿ ಅಮ್ಮಾರ. ಮುಂದಿನ ಸೋಮವಾರ ಎಡಗಾಲು ಕೊಡ್ರಿ ಅವ್ರಿಗೆ, ಅದು ಖಾಲಿ ಕುಂತೈತಿ."

೫. ಹಾಲು

ಅತ್ತಾಗ ಅಜ್ಜಾರು ತಡದ ತಡದ್ರು. ದಿನಾ ಫೋನು: "ಕೂಡಿತೇನ್ರಿ?" ನಾನು ಇನ್ನ ಇಲ್ರಿ ಅನ್ನೂದು. ಅವ್ರು "ಅವಸರಾ ಇಲ್ಲ, ಪಡಸಾಲಿ ದಾಟಂಗಿಲ್ಲ ನಾ, ಇಲ್ಲೇ ಅದೇನಿ" ಅನ್ನೂದು. ಎಲುಬು ಕೂಡಾಕ ಹಾಲು ಛಲೋ ಅಂತ ಯಾರೋ ಹೇಳ್ಯಾರ, ದಿನಾ ಒಂದು ಚೊಂಬು ಎಮ್ಮಿ ಹಾಲು ಸೊಸಿ ಕೈಯಾಗ ಕಳಸ್ತಿದ್ರು.

ಹತ್ತನೇ ವಾರಕ್ಕ ಆ ಸೊಸಿ ಚೊಂಬು ಇಟ್ಟು ಹೋಗಲಾರದ ಬಾಗಲದಾಗ ನಿಂತ್ಲು. ಸೆರಗಿನ ತುದಿ ಸುತ್ತಕೋತ, "ಅಯ್ಯಾರ, ತಪ್ಪು ತಿಳಕೋಬ್ಯಾಡ್ರಿ. ಒಂದೀಟು ಸಾವಕಾಶ ಗುಣಾಗ್ರಿ" ಅಂದ್ಲು.

"ಯಾಕವಾ?"

"ಮಾವಾರು ಈಗ ಎರಡು ರೊಟ್ಟಿ ಉಣ್ಣಾಕತ್ತಾರ. ಜಳಕಾ ತಾವ ಮಾಡತಾರ. ಮೊನ್ನೆ ನನ್ನ ಪಲ್ಯಾಕ್ಕ ಉಪ್ಪು ಕಡಿಮಿ ಅಂತ ಬೈದ್ರು, ಎರಡು ವರ್ಷದ ಮ್ಯಾಲೆ ಬೈದದ್ದು ರಿ, ನಾ ಅಡಗಿಮನ್ಯಾಗ ಹೋಗಿ ಅತ್ತೆ. ಎಲ್ಲಾ ನಿಮ್ಮ ಕಾಲಿನ ಸಲುವಾಗಿ ತಡದಾರ. ಅದು ಕೂಡಿತಂದ್ರ ಮತ್ತ ಗ್ವಾಡಿ ಕಡೆ ಹೊಳ್ಳತಾರ."

ಹತ್ತು ವಾರ ನನ್ನ ಕಾಲು ಕೂಡಲಿ ಕೂಡಲಿ ಅಂತ ಬೇಡಕೊಂಡಾಂವ ನಾನು. ಆ ಕಾಲಿನ ಕೂಡ ಒಂದು ಜೀವಾನೂ ಕಟ್ಟೈತಿ ಅನ್ನೂದು ಆವತ್ತ ತಿಳೀತು. ಆವತ್ತಿಂದ ಅಂಜಿಕಿ ಹೊಕ್ಕತು ನೋಡ್ರಿ, ನೋವು ಕಡಿಮಿ ಆದ್ರೂ ಅಂಜಿಕಿ.

"ಅದಕ್ಕ," ಅಂತ ಸೊಸಿ ತೆಲಿ ಬಗ್ಗಿಸಿದ್ಲು, "ಹದಿನೈದು ದಿನಾತ್ರಿ, ಮಾವಾರಿಗೆ ಗೊತ್ತಾಗದಂಗ ಹಾಲಿಗೆ ನೀರು ಹಾಕಿ ತರಾಕತ್ತೇನ್ರಿ."

ಒಳಗಿಂದ ಮನಿಯಾಕಿ ಕಡಗೋಲು ಹಿಡಕೊಂಡ ಹೊರಗ ಬಂದ್ಲು. "ಹದಿನೈದು ದಿನದಿಂದ ಬೆಣ್ಣಿ ಯಾಕ ಬರವಲ್ದು ಅಂತ ನಾ ನಮ್ಮ ಕಡಗೋಲಿಗೆ ಬೈಯಾಕತ್ತೇನಿ!"

೬. ಎರಡು ಹೆಜ್ಜಿ

ನೀರು ಹಾಕಿದ್ರೂ ಎಲುಬು ಕೇಳಲಿಲ್ಲ. ಮೂರು ತಿಂಗಳಿಗೆ ಎಕ್ಸರೇ ಫೋಟೋ ತಗದ್ರು, ಡಾಕ್ಟರು "ಗಟ್ಟಿ ಕೂಡೈತ್ರಿ" ಅಂತ ಮತ್ತ ನಮಸ್ಕಾರ ಮಾಡಿದ್ರು. ಈ ಸಲ ತಿರುವಲಿಲ್ಲ. ಪ್ಲಾಸ್ಟರ್ ತಗದು, ದಪ್ಪನ್ನ ಬೂಟು, ಒಂದು ಕೋಲು ಕೊಟ್ಟು ನಡೀರಿ ಅಂದ್ರು.

ಸಂಜಿಕೆ ಅಜ್ಜಾರ ಫೋನು ಬಂತು. "ಕೂಡಿತೇನ್ರಿ?"

ಇಬತ್ತಿ ಹಚ್ಚಿದ ಹಣಿ ನಂದು, ಆದ್ರೂ ಸುಳ್ಳು ಹೇಳಿದೆ. "ಇನ್ನ ಇಲ್ರಿ ಅಜ್ಜಾರ." ಹಿಂಗ ಹದಿನೈದು ದಿನಾ ಹೇಳಿದೆ. ನಡೀಲಾರದ ಇರಾಕೂ ಆಗಂಗಿಲ್ಲ, ಯಾರರ ನೋಡಿದ್ರ ಅಜ್ಜಾರಿಗೆ ಮುಟ್ಟತೈತಿ. ಅದಕ್ಕ ನಸುಕಿನ್ಯಾಗ ಎದ್ದು ಕೆಲಗೇರಿ ಕೆರಿ ಏರಿ ಮ್ಯಾಲೆ ಹೋಗಿ ಕಲಿಯಾಕತ್ತೆ. ಕೆರಿ ತುಂಬ ಮಂಜು, ನೀರು ಎಲ್ಲೆ ಐತಿ, ಮುಗಲು ಎಲ್ಲೆ ಐತಿ ಗೊತ್ತಾಗಂಗಿಲ್ಲ. ಆ ಮಂಜಿನಾಗ ಕೂಸಿನಂಗ ಒಂದೊಂದ ಹೆಜ್ಜಿ ಇಡತಿದ್ದೆ. ನೋವು ಇಲ್ಲ! ಎಷ್ಟೋ ವರ್ಷದ ಮ್ಯಾಲೆ ನೋವು ಇಲ್ಲದ ನಡದೆ. ಒಬ್ಬನ ಇದ್ನಲ್ಲ, ಸಂತೋಷಕ್ಕ ಎರಡು ಹನಿ ಕಣ್ಣೀರು ಬಂದ್ವು, ಒರಸಿಕೊಳ್ಳಲಿಲ್ಲ.

ಒಂದಿನ ಆ ಮಂಜಿನಾಗಿಂದ ಎದುರಿಗೆ ಒಂದು ಮಂಕಿಟೋಪಿ ಬಂತು. ಕೋಲು, ಧೋತರಾ, ಜೋರು ನಡಿಗಿ. ಹತ್ರ ಬಂದು ನಿಂತಿತು. ಅಜ್ಜಾರು!

"ಇನ್ನ ಕೂಡಿಲ್ಲ ಅಂದ್ರಲ್ರಿ ಅಯ್ಯಾರ?"

"ನೀವು ಪಡಸಾಲಿ ದಾಟಂಗಿಲ್ಲ ಅಂತಿದ್ರಲ್ರಿ ಅಜ್ಜಾರ?"

ನೀರಕೋಳಿ ಒಂದು ಕೂಗಿತು. "ಬರ್ರಿ ಮನಿಗೆ, ಪಾದ ತೊಳೀತೇನಿ" ಅಂದ್ರು ಅಜ್ಜಾರು. ನಾನು ಕೋಲು ಊರಕೋತ ಅವರ ಹಿಂದ ಹೊಂಟೆ.

ಮನ್ಯಾಗ ಸೊಸಿ ನಮ್ಮಿಬ್ಬರನ್ನೂ ಕೂಡೇ ನೋಡಿ ಬೆಳ್ಳಗಾದ್ಲು. ಅಜ್ಜಾರು ತಾವ ಪರಾತ ಇಟ್ಟು, ತಾವ ಬಗ್ಗಿ, ಬೆಚ್ಚನ್ನ ನೀರು ಹಾಕಿ ಎರಡೂ ಪಾದ ತೊಳದ್ರು. ಬಲಗಾಲಿನ ಹೊಲಿಗಿ ಗುರತಿನ ಮ್ಯಾಲೆ ಬಟ್ಟು ಆಡಿಸಿ, "ನಮ್ಮಾಕಿಗೆ ಇಟ್ಟದ್ದು ಇದ ಅಲ್ರಿ?" ಅಂದ್ರು.

"ಇದ ರಿ. ಒಳಗ ನಾಲ್ಕು ಸ್ಕ್ರೂ ಬಂದಾವ ಅಷ್ಟ."

"ಬರಲಿ, ಗಟ್ಟಿ ಆತು. ನಡದು ತೋರಸ್ರಿ."

ಫರಸಿ ಮ್ಯಾಲೆ ನಡದೆ. ಹೊಳ್ಳಿ ನೋಡಿದ್ರ ಹಸಿ ಹೆಜ್ಜಿ ಮೂಡಿದ್ವು. ಬಲದ್ದು ನಡುವ ಖಾಲಿ ಬಿಟ್ಟು ಚಂದ ಕಮಾನು. ಎಡದ್ದು, ಮೊದಲ ಬಲದ್ದು ಇದ್ದಂಗ, ರೊಟ್ಟಿ. ಅಜ್ಜಾರು ಕನ್ನಡಕಾ ಹಾಕ್ಕೊಂಡು ಬಗ್ಗಿ ನೋಡಿದ್ರು. ನೋಡಕೋತ ಕುಂತ್ರು. ಮುಂಜಾನಿ ಬಿಸಲಿಗೆ ಹೆಜ್ಜಿ ಆರಾಕತ್ತಿದ್ವು. ಸೊಸಿ ಅಡಗಿಮನಿ ಬಾಗಲದಾಗ ಸೆರಗು ಬಾಯಾಗ ಹಿಡಕೊಂಡು ನಿಂತಿದ್ಲು, ನಾನು ಉಸರು ಹಿಡಕೊಂಡು ನಿಂತಿದ್ದೆ. ಈಗ ಹೊಂಟೀನಿ ಅಂತಾರೇನೋ, ಈಗ ಅಂತಾರೇನೋ ಅಂತ.

"ಅಯ್ಯಾರ, ನಾ ಹೋದ ದಿನ ಬಲಗಾಲು ಎತ್ತಿ ನನ್ನ ತೆಲಿ ಮ್ಯಾಲೆ ಇಡತೀರಿ."

"ಹೌದ್ರಿ."

"ಆವಾಗ ನೀವು ನಿಂದ್ರೂದು ಯಾವ ಕಾಲ ಮ್ಯಾಲೆ?"

"ಎಡಗಾಲ ಮ್ಯಾಲ್ರಿ."

"ಅದು ಬಿದ್ದೈತಲ್ರಿ!" ಅಂತ ಆ ರೊಟ್ಟಿ ಹೆಜ್ಜಿಗೆ ಕೋಲಿಲೆ ಕುಟ್ಟಿದ್ರು. "ತೋಲ ತಪ್ಪಿ ನನ್ನ ಮ್ಯಾಲೆ ಬಿದ್ರ? ಸತ್ತ ಮ್ಯಾಲೂ ಪೆಟ್ಟು ತಿನ್ನಲೇನು ನಾನು? ಆ ಕಾಲು ಯಾವಾಗ ಮಾಡಸ್ತೀರಿ?"

"ಡಾಕ್ಟರು ಎರಡು ಮೂರು ವರ್ಷ ಬಿಟ್ಟು ನೋಡೂಣು ಅಂದಾರ್ರಿ."

"ಅವ್ರು ಹೇಳಿದಂಗ ಕೇಳ್ರಿ. ಏನೂ ಅವಸರಾ ಮಾಡಬ್ಯಾಡ್ರಿ. ನಾ ತಡೀತೇನಿ."

ಸೊಸಿ ಸೆರಗು ಬಾಯಾಗಿಂದ ಜಾರಿತು. ಅಜ್ಜಾರು ಆಕಿ ಕಡೆ ಹೊಳ್ಳಿದ್ರು. "ಕೇಳಿದೇನವಾ? ಆ ಕಾಲು ಆಗೂತನಕ ಅಯ್ಯಾರ ಮನಿಗೆ ಹಾಲು ತಪ್ಪಿಸಬ್ಯಾಡ."

"ಹೂಂ ರಿ ಮಾವಾರ."

"ನೀರು ಮಾತ್ರ ಈ ಸಲ ಇನ್ನೊಂದು ತಂಬಗಿ ಜಾಸ್ತಿ ಹಾಕು."